ಕಾರಣದ ಕಾಲಂ

ನಮ್ಮೂರ ಶಾಲೆಯಲ್ಲಿ ಯಾರಾದರೂ ಸ್ವಲ್ಪ ವಿಚಿತ್ರವಾಗಿ ಮಾತಾಡಿದರೆ ಸಾಕು, ಹಿಂದಿನ ಸಾಲಿನಿಂದ ಒಂದು ದನಿ ಏಳುತ್ತಿತ್ತು: “ಇವನ್ನ ಧಾರವಾಡಕ್ಕ ಕಳಸ್ರಲೇ!” ಇಡೀ ಕ್ಲಾಸು ನಗುತ್ತಿತ್ತು. ನಾನೂ ನಗ್ತಿದ್ದೆ. ಬೆಂಗಳೂರಿನ ಗೆಳೆಯರಿಗೆ ಧಾರವಾಡ ಅಂದ್ರೆ ಫೇಡೆ, ಬೇಂದ್ರೆ, ಹಿಂದೂಸ್ತಾನಿ ಸಂಗೀತ. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಕಡೆಯ ಹಳ್ಳಿಗಳಲ್ಲಿ ಬೆಳೆದ ನಮಗೆ ಧಾರವಾಡ ಅಂದ್ರೆ ಇನ್ನೂ ಒಂದು ಅರ್ಥ ಇತ್ತು. ಅಲ್ಲಿ ಹುಚ್ಚರ ದವಾಖಾನಿ ಇದೆ.

ನಾನು ನಗೋದು ನಿಲ್ಲಿಸಿದ್ದು ಎಂಟನೇ ಕ್ಲಾಸಿನಲ್ಲಿ. ಆಗ ನಮ್ಮ ಕಾಕಾನನ್ನು ದನದ ಕೊಟ್ಟಿಗೆಯ ಕಂಬಕ್ಕೆ ಸರಪಳಿ ಹಾಕಿ ಕಟ್ಟಿದ್ದರು.

ಈ ಮಾತನ್ನು ಇಪ್ಪತ್ತು ವರ್ಷ ಯಾರ ಹತ್ರಾನೂ ಹೇಳಿರಲಿಲ್ಲ. ಈಗ ಬರೆಯೋಕೆ ಕಾರಣ ಆಫೀಸಿನ ಕಾಫಿ ಮಷೀನ್ ಮುಂದೆ ಕೇಳಿದ ಒಂದು ಮಾತು. ನಮ್ಮ ಕಂಪನಿಯವರು ನೌಕರರಿಗೆ ಉಚಿತ ಕೌನ್ಸೆಲಿಂಗ್ ಶುರು ಮಾಡಿದ್ದರು. ಅದರ ಬಗ್ಗೆ ಮಾತಾಡ್ತಾ ಟೀಮಿನ ಒಬ್ಬ ಹುಡುಗ ಅಂದ: “ಇದೆಲ್ಲ ನಮ್ಮಂಥ ಸಿಟಿಯವರ ಕಾಯಿಲೆ ಗುರು. ಹಳ್ಳಿ ಜನರಿಗೆ ಡಿಪ್ರೆಶನ್ ಎಲ್ಲಿಂದ ಬರುತ್ತೆ? ಸಿಂಪಲ್ ಲೈಫು, ಸಿಂಪಲ್ ಮನಸ್ಸು.” ಕೆಟ್ಟ ಹುಡುಗ ಅಲ್ಲ ಅವನು. ಹಳ್ಳಿಯನ್ನು ಹೊಗಳ್ತಾ ಇದೀನಿ ಅಂತಲೇ ಅಂದುಕೊಂಡಿದ್ದ. ಆದರೆ ಆ ಮಾತನ್ನು ಮೊದಲು ಆಡಿದವನು ಅವನಲ್ಲ. ಅದಕ್ಕೆ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸ ಇದೆ, ಮತ್ತು ಅದನ್ನು ಮೊದಲು ಹೇಳಿದವರು ನಮ್ಮನ್ನು ಹೊಗಳೋಕೆ ಹೇಳಿರಲಿಲ್ಲ.

ಮೊದಲು ಕಾಕಾನ ಕತೆ. ಅಪ್ಪನ ತಮ್ಮ. ಭಜನಿ ಮಂದಿಯಲ್ಲಿ ತಾಳ ಹಾಕುತ್ತಿದ್ದ. ಚಾ ಬಿಟ್ಟರೆ ಬೇರೆ ಚಟ ಇರಲಿಲ್ಲ. ಇದ್ದಕ್ಕಿದ್ದಂತೆ ನಿದ್ದೆ ಬಿಟ್ಟ. ರಾತ್ರಿ ಎದ್ದು ಹಿತ್ತಲಿಗೆ ಹೋಗಿ ಯಾರ ಜೊತೆಗೋ ಮಾತಾಡ್ತಿದ್ದ. ದೇವರಾಯಿತು, ದರ್ಗಾ ಆಯಿತು, ತಾಯತ ಆಯಿತು. ಆಮೇಲೆ ಅಪ್ಪ ಅವನನ್ನು ಒಂದು ದೊಡ್ಡ ಊರಿನ ದವಾಖಾನೆಗೆ ಕರೆದುಕೊಂಡು ಹೋದ. ಐದು ನಿಮಿಷ ನೋಡಿ ಒಂದು ಚೀಟಿ ಬರೆದುಕೊಟ್ಟರು. ಚೀಟಿ ಇಂಗ್ಲಿಷಿನಲ್ಲಿತ್ತು. ಅಪ್ಪನಿಗೆ ಓದಲು ಬರುತ್ತಿರಲಿಲ್ಲ. “ಕುಡಿಯೋದು ಬಿಡಸ್ರಿ” ಅಂತ ಬಾಯಲ್ಲಿ ಹೇಳಿ ಕಳಿಸಿದರು. “ಇಂವಾ ಕುಡಿಯೂದಿಲ್ರೀ” ಅಂತ ಅಪ್ಪ ಅಂದದ್ದು ಯಾರ ಕಿವಿಗೂ ಬೀಳಲಿಲ್ಲ.

ಆ ಚೀಟಿಯನ್ನು ಅಪ್ಪ ಜಮೀನಿನ ಕಾಗದಪತ್ರದ ಜೊತೆ ಟ್ರಂಕಿನಲ್ಲಿ ಇಟ್ಟಿದ್ದ. ಬಿಇ ಮುಗಿಸಿದ ಮೇಲೆ ಒಮ್ಮೆ ಕೈಗೆ ಸಿಕ್ಕಿತು. ಅಚ್ಚಾದ ಫಾರ್ಮು. ಹೆಸರು, ವಯಸ್ಸು, ಊರು, ಕಾರಣ. ಕಾರಣದ ಮುಂದೆ ಒಂದೇ ಪದ ಬರೆದಿತ್ತು: ಆಲ್ಕೋಹಾಲ್.

ನಾನು ಸಾಫ್ಟ್‌ವೇರಿನವನು. ಕಡ್ಡಾಯ ಫೀಲ್ಡ್ ಖಾಲಿ ಬಿಡೋಕೆ ಆಗದಿದ್ದಾಗ ಜನ ಏನು ಮಾಡ್ತಾರೆ ಅಂತ ಗೊತ್ತು. ಕೈಗೆ ಸಿಕ್ಕ ಡೀಫಾಲ್ಟ್ ಹಾಕಿ ಸಬ್ಮಿಟ್ ಒತ್ತುತ್ತಾರೆ. ಆಮೇಲೆ ಅದೇ ಡೇಟಾ ಆಗುತ್ತೆ, ರಿಪೋರ್ಟ್ ಆಗುತ್ತೆ, ಅದರ ಮೇಲೆ ತೀರ್ಮಾನ ಆಗುತ್ತೆ. ಈ ಕಾಲಮ್ಮಿನ ಹಿಂದೆ ಬಿದ್ದು ಓದ್ತಾ ಹೋದಾಗ ಅದು ನಮ್ಮ ನೆಲದಲ್ಲೇ ಎಷ್ಟು ಹಳೆಯದು ಅಂತ ತಿಳಿಯಿತು.

1858 ಅಂದ್ರೆ ನಮ್ಮ ಭಾಗದವರಿಗೆ ಮುಂಡರಗಿ ಭೀಮರಾಯ. ಆ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಭೀಮರಾಯ ಕೊಪ್ಪಳದ ಕೋಟೆಯಲ್ಲಿ ಹೋರಾಡುತ್ತಾ ಸತ್ತ. ನರಗುಂದದ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಕಂಪನಿ ಸರ್ಕಾರ ಹೋಗಿ ರಾಣಿ ಸರ್ಕಾರ ಬಂತು. ಇಷ್ಟು ಶಾಲೆಯ ಪಾಠದಲ್ಲಿತ್ತು. ಪಾಠದಲ್ಲಿ ಇಲ್ಲದ್ದು ಏನಂದ್ರೆ, ಅದೇ 1858ರಲ್ಲಿ ಹುಚ್ಚಾಸ್ಪತ್ರೆಗಳ ಬಗ್ಗೆ ಒಂದು ಕಾಯ್ದೆಯೂ ಬಂತು. ಆ ವರ್ಷದ 36ನೇ ಕಾಯ್ದೆ. ಅದರ ಪ್ರಕಾರ ಬೀದಿಯಲ್ಲಿ ಅಲೆಯುವ ಹುಚ್ಚರನ್ನು ಮತ್ತು ಅಪಾಯಕಾರಿ ಅನ್ನಿಸಿದವರನ್ನು ಹಿಡಿದು ತರುವುದು ಪೊಲೀಸರ ಕೆಲಸ. ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ಒಬ್ಬ ವೈದ್ಯಾಧಿಕಾರಿ ನೋಡಬೇಕು, ಸಹಿಯಾದರೆ ಒಳಗೆ. ಅಂದರೆ ಕಾಯಿಲೆಯ ಮನುಷ್ಯ ಮೊದಲು ಭೇಟಿಯಾಗುತ್ತಿದ್ದದ್ದು ಡಾಕ್ಟರನ್ನಲ್ಲ, ಪೊಲೀಸನನ್ನು.

ಧಾರವಾಡದಲ್ಲಿ ಅಷ್ಟು ಹೊತ್ತಿಗಾಗಲೇ ಹುಚ್ಚಾಸ್ಪತ್ರೆ ಇತ್ತು. ಶುರುವಾದದ್ದು 1845ರಲ್ಲಿ. ಮುಂಬೈ ಪ್ರೆಸಿಡೆನ್ಸಿಗೆ ಸೇರಿದ ಇಂಥ ಆಸ್ಪತ್ರೆಗಳು ಕೊಲಾಬಾ, ಪುಣೆ, ಅಹಮದಾಬಾದ್, ರತ್ನಾಗಿರಿ, ಸಿಂಧ್‌ನ ಹೈದರಾಬಾದ್‌ಗಳಲ್ಲೂ ಇದ್ದವು. ಕನ್ನಡ ಜಿಲ್ಲೆಗಳ ಪಾಲಿಗೆ ಇದ್ದದ್ದು ಧಾರವಾಡ. ಗದಗ, ಬೆಟಗೇರಿ, ಮುಂಡರಗಿ ಆಗ ಧಾರವಾಡ ಜಿಲ್ಲೆಯವು. ಗದಗ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಆದರೆ ಪಕ್ಕದ ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮೀರಜ್ ಸಂಸ್ಥಾನದ್ದು. ಬ್ರಿಟಿಷರ ಕಾಯ್ದೆ ಸಂಸ್ಥಾನದ ಗಡಿಯವರೆಗೆ ಮಾತ್ರ. ಬೆಟಗೇರಿಯಲ್ಲಿ ಒಬ್ಬ ನೇಕಾರನ ತಲೆ ಕೆಟ್ಟರೆ ಒಂದು ಸರ್ಕಾರ, ಶಿರಹಟ್ಟಿಯಲ್ಲಿ ಒಬ್ಬ ರೈತನ ತಲೆ ಕೆಟ್ಟರೆ ಇನ್ನೊಂದು ಸರ್ಕಾರ.

ಈಗ ಇದೇ ಕಾಲದಲ್ಲಿ ಒಬ್ಬ ಬಿಳಿಯನ ತಲೆ ಕೆಟ್ಟರೆ? ಅವನ ದಾರಿ ಬೇರೆ ಇತ್ತು. ಮುಂಬೈ ಕಡೆಯವನಾದರೆ ಕೊಲಾಬಾ, ಕಲ್ಕತ್ತೆಯ ಕಡೆಯವನಾದರೆ ಯುರೋಪಿಯನ್ನರಿಗೆಂದೇ ಇದ್ದ ಭವಾನಿಪುರದ ಆಸ್ಪತ್ರೆ. ವಾರ್ಡು ಬೇರೆ, ಊಟ ಬೇರೆ, ಬಟ್ಟೆ ಬೇರೆ. ಬೇಗ ಹುಷಾರಾಗದಿದ್ದರೆ ಹಡಗು ಹತ್ತಿಸಿ ಊರಿಗೆ ಕಳಿಸುತ್ತಿದ್ದರು. 1818ರಿಂದ 1870ರವರೆಗೆ ಲಂಡನ್ನಿನ ಹ್ಯಾಕ್ನಿಯಲ್ಲಿದ್ದ ಪೆಂಬ್ರೋಕ್ ಹೌಸ್, ಆಮೇಲೆ 1892ರವರೆಗೆ ಈಲಿಂಗ್‌ನ ರಾಯಲ್ ಇಂಡಿಯಾ ಅಸೈಲಂ ನಡೆದದ್ದೇ ಹೀಗೆ ಭಾರತದಿಂದ ವಾಪಸ್ ಹೋದ ರೋಗಿಗಳಿಗಾಗಿ.

ಇದು ಬರೀ ಕರುಣೆ ಅಂತ ತಿಳಿಯಬೇಡಿ. ಈ ವಿಷಯದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ ಇತಿಹಾಸಕಾರ್ತಿ ವಾಲ್ಟ್ರೌಡ್ ಅರ್ನ್ಸ್ಟ್ ತೋರಿಸುವ ಹಾಗೆ, ಇದರಲ್ಲಿ ಮರ್ಯಾದೆಯ ಪ್ರಶ್ನೆಯೂ ಇತ್ತು. ಆಳುವ ಜನಾಂಗ ಅಂದ್ರೆ ವಿವೇಕ, ಶಿಸ್ತು, ಸಂಯಮ. ಅಂಥ ಜನಾಂಗದ ಒಬ್ಬ ಸಿಪಾಯಿ ಬೀದಿಯಲ್ಲಿ ಅರಚುತ್ತಾ ಓಡಾಡಿದರೆ ಆಳಿಸಿಕೊಳ್ಳುವವರು ಏನಂದಾರು? ಹಾಗಾಗಿ ಬಡ ಬಿಳಿಯ ಸಿಪಾಯಿಯನ್ನು ಬಚ್ಚಿಟ್ಟು ಹಡಗು ಹತ್ತಿಸುತ್ತಿದ್ದರು. ನಮ್ಮವರನ್ನು ಬೀದಿಯಿಂದ ತೆಗೆದು ಕೂಡಿ ಹಾಕುತ್ತಿದ್ದರು. ಇಬ್ಬರಿಗೂ ಗೋಡೆ ಇತ್ತು, ಆದರೆ ಗೋಡೆಯ ಒಳಗಿನ ಲೆಕ್ಕ ಬೇರೆ ಬೇರೆ.

1918ರಲ್ಲಿ ರಾಂಚಿಯ ಹತ್ತಿರ ಕಾಂಕೆಯಲ್ಲಿ ಯುರೋಪಿಯನ್ನರಿಗೆ ಮತ್ತು ಆಂಗ್ಲೋ ಇಂಡಿಯನ್ನರಿಗೆಂದೇ ಒಂದು ಕೇಂದ್ರ ಆಸ್ಪತ್ರೆ ತೆರೆದರು. ಮರುವರ್ಷ ಅದರ ಮುಖ್ಯಸ್ಥನಾಗಿ ಬಂದ ಓವೆನ್ ಬರ್ಕ್ಲಿ ಹಿಲ್ ಅದನ್ನು ದೇಶದ ಅತ್ಯುತ್ತಮ ಮಾನಸಿಕ ಆಸ್ಪತ್ರೆಗಳಲ್ಲಿ ಒಂದನ್ನಾಗಿ ಮಾಡಿದ. ರೋಗಿಗಳಿಗೆ ಕೈಕೆಲಸದ ಚಿಕಿತ್ಸೆ ಶುರು ಮಾಡಿದ. ಸುಧಾರಕ, ಬುದ್ಧಿವಂತ. ಅದೇ ಮನುಷ್ಯ 1921ರಲ್ಲಿ ಹಿಂದೂಗಳ ಧರ್ಮ, ತತ್ವ, ಸ್ವಭಾವ ಎಲ್ಲವನ್ನೂ ಮಲವಿಸರ್ಜನೆಗೆ ಸಂಬಂಧಿಸಿದ ಬಾಲ್ಯದ ಮನೋವಿಕಾರದಿಂದ ವಿವರಿಸುವ ಒಂದು ಲೇಖನವನ್ನೂ ಪ್ರಕಟಿಸಿದ. ಒಬ್ಬ ಬಿಳಿಯ ರೋಗಿಗೆ ಒಂದು ಮನಸ್ಸಿದೆ, ಅದಕ್ಕೊಂದು ಕತೆ ಇದೆ, ಅದನ್ನು ಕೂತು ಕೇಳಬೇಕು. ನಮ್ಮವರಿಗೋ, ಕೋಟಿಗಟ್ಟಲೆ ಜನರಿಗೆ ಸೇರಿ ಒಂದೇ ಮನಸ್ಸು, ಒಂದೇ ವಿವರಣೆ.

ಇಲ್ಲಿಗೆ ನನ್ನ ಕಾಲಂ ಬರುತ್ತೆ. ಆಗಿನ ಹುಚ್ಚಾಸ್ಪತ್ರೆಗಳು ವರ್ಷಕ್ಕೊಮ್ಮೆ ಸರ್ಕಾರಕ್ಕೆ ಲೆಕ್ಕ ಕೊಡಬೇಕಿತ್ತು. ಎಷ್ಟು ಜನ ಬಂದರು, ಎಷ್ಟು ಜನ ಹೋದರು, ಎಷ್ಟು ಜನ ಸತ್ತರು. ಜೊತೆಗೆ, ಹುಚ್ಚಿಗೆ ಕಾರಣ ಏನು. ಪೊಲೀಸ್ ಪೇದೆ ಎಲ್ಲಿಂದಲೋ ಹಿಡಿದು ತಂದ ಮನುಷ್ಯ. ಊರು ಗೊತ್ತಿಲ್ಲ, ಮನೆಯವರಿಲ್ಲ, ಅವನಾಡುವ ಭಾಷೆ ಸಾಹೇಬರಿಗೆ ತಿಳಿಯಲ್ಲ. ಕಾರಣದ ಕಾಲಂ ಮಾತ್ರ ತುಂಬಲೇಬೇಕು. ಏನು ಬರೆಯೋದು? ಬಹಳ ಸಲ ಬರೆದದ್ದು ಗಾಂಜಾ.

ಹೀಗೆ ವರ್ಷ ವರ್ಷ ಬರೆದ ಅಂಕಿಗಳು ಲಂಡನ್ನಿಗೆ ಹೋದವು. ಭಾರತದ ಹುಚ್ಚಾಸ್ಪತ್ರೆಗಳೆಲ್ಲ ಗಾಂಜಾ ಸೇದಿದವರಿಂದ ತುಂಬಿವೆ ಅಂತ ಅಲ್ಲಿ ಗುಲ್ಲೆದ್ದಿತು. ಕೊನೆಗೆ 1893ರಲ್ಲಿ ಸರ್ಕಾರ ಒಂದು ಆಯೋಗ ನೇಮಿಸಿತು, ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್. ಆಯೋಗದವರು ಒಳ್ಳೆಯ ಟೆಸ್ಟರ್ ಮಾಡೋ ಕೆಲಸ ಮಾಡಿದರು, ಮೂಲ ದಾಖಲೆಗೇ ಹೋದರು. 1892ರಲ್ಲಿ ಗಾಂಜಾ, ಚರಸ್, ಭಂಗಿ ಕಾರಣ ಅಂತ ಬರೆದಿದ್ದ ಒಂದೊಂದು ಪ್ರಕರಣವನ್ನೂ ತೆಗೆದು ಮರುತನಿಖೆ ಮಾಡಿಸಿದರು. ಮನೆಯವರನ್ನು, ಊರವರನ್ನು ಕೇಳಿಸಿದರು. ಅರ್ಧಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ಆ ಕಾರಣ ನಿಲ್ಲಲೇ ಇಲ್ಲ. ವಿಚಾರಿಸದೆ, ಪೊಲೀಸರ ಮಾತಿನ ಮೇಲೆ, ಬೇರೆ ಏನೂ ಗೊತ್ತಿಲ್ಲ ಅನ್ನೋ ಕಾರಣಕ್ಕೇ ಕಾಲಂ ತುಂಬಿದ್ದರು. ಆಸ್ಪತ್ರೆಗಳ ಈ ಅಂಕಿಗಳನ್ನು ನಂಬುವಂತಿಲ್ಲ ಅಂತ 1894ರ ವರದಿ ಬರೆಯಿತು.

ಇದನ್ನು ಓದಿದ ರಾತ್ರಿ ನನಗೆ ಕಾಕಾನ ಚೀಟಿ ನೆನಪಾಯಿತು. ನೂರು ವರ್ಷ ಆದ ಮೇಲೂ ಅದೇ ಕಾಲಂ, ಅದೇ ಅವಸರ. ಗಾಂಜಾದ ಜಾಗದಲ್ಲಿ ಆಲ್ಕೋಹಾಲ್ ಕೂತಿದೆ ಅಷ್ಟೇ. ಬರೆದವರು ಬಿಳಿಯರಲ್ಲ, ನಮ್ಮವರೇ. ಎದುರಿಗೆ ಕೂತವನ ಧೋತರ ನೋಡಿದರು, ಒಡೆದ ಹಿಮ್ಮಡಿ ನೋಡಿದರು, ಕಾರಣ ಸಿಕ್ಕಿತು.

ಅದರಿಂದ ಆದ ನಷ್ಟ ಸಣ್ಣದಲ್ಲ. ಆ ಒಂದು ಪದದಿಂದಾಗಿ ಊರಲ್ಲಿ ಕಾಕಾ ಕುಡುಕ ಆದ. ಭಜನಿಗೆ ಸೇರಿಸಲಿಲ್ಲ. ನಿಜವಾದ ಕಾಯಿಲೆಗೆ ಬೇಕಿದ್ದ ಗುಳಿಗೆ ಎರಡು ವರ್ಷ ಸಿಗಲಿಲ್ಲ. ಒಂದು ರಾತ್ರಿ ಬಾವಿಯ ಕಟ್ಟೆ ಮೇಲೆ ನಿಂತಿದ್ದವನನ್ನು ಎಳೆದುಕೊಂಡು ಬಂದ ಮೇಲೆ ಸರಪಳಿ ಬಂತು. ಸರಪಳಿ ಹಾಕಿದ್ದು ಅಪ್ಪನೇ. ಹಾಕಿ ಹಿತ್ತಲಲ್ಲಿ ಕೂತು ಅತ್ತದ್ದನ್ನು ನಾನು ನೋಡಿದ್ದೇನೆ.

ಇನ್ನು ‘ಸಿಂಪಲ್ ಮನಸ್ಸು’ ಅನ್ನೋ ಮಾತಿಗೆ ಬರೋಣ. ಹತ್ತೊಂಬತ್ತನೇ ಶತಮಾನದ ಯುರೋಪಿನಲ್ಲಿ ಹುಚ್ಚು ಅನ್ನೋದು ನಾಗರಿಕತೆಯ ಕಾಯಿಲೆ ಅಂತ ಒಂದು ನಂಬಿಕೆ ಇತ್ತು. ನಾಗರಿಕರ ಮನಸ್ಸು ಸೂಕ್ಷ್ಮ, ಅದಕ್ಕೇ ಬೇಗ ಕೆಡುತ್ತೆ. ಕರಿಯರು, ಕಂದುಬಣ್ಣದವರು, ಅವರಿಗೆ ಯೋಚನೆಯೇ ಕಡಿಮೆ, ಖಿನ್ನತೆ ಎಲ್ಲಿಂದ ಬರಬೇಕು? ಅಮೆರಿಕದಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 1851ರಲ್ಲಿ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಅನ್ನೋ ಡಾಕ್ಟರು, ಯಜಮಾನರಿಂದ ತಪ್ಪಿಸಿಕೊಂಡು ಓಡುವ ಗುಲಾಮರಿಗೆ ಇರೋದು ಒಂದು ಮಾನಸಿಕ ಕಾಯಿಲೆ ಅಂತ ಹೇಳಿ ಅದಕ್ಕೆ ಡ್ರಾಪೆಟೋಮೇನಿಯಾ ಅಂತ ಹೆಸರಿಟ್ಟ. ಬಿಡುಗಡೆ ಬೇಕು ಅನ್ನಿಸಿದರೆ ಕಾಯಿಲೆ. ನೋವಾಗುತ್ತೆ ಅಂದರೆ ಮಾತ್ರ, ನಿಮಗೆಲ್ಲಿಯ ನೋವು!

ಇದು ಹಳೇ ಕಾಲದ ಮಾತಾಯಿತು ಅನ್ನಬೇಡಿ. ಕೀನ್ಯಾದಲ್ಲಿ ಕೆಲಸ ಮಾಡಿದ್ದ ಕರಾದರ್ಸ್ ಅನ್ನೋ ವೈದ್ಯ ಬರೆದ, ಆಫ್ರಿಕದವರ ಮನಸ್ಸಿನ ಕುರಿತ ಪುಸ್ತಕವನ್ನು ವಿಶ್ವ ಆರೋಗ್ಯ ಸಂಸ್ಥೆಯೇ 1953ರಲ್ಲಿ ಪ್ರಕಟಿಸಿತು. ಮಿದುಳಿನ ಮುಂಭಾಗದ ಶಸ್ತ್ರಚಿಕಿತ್ಸೆಯಾದ ಯುರೋಪಿಯನ್ನನಿಗೂ ಆಫ್ರಿಕದ ಸಾಮಾನ್ಯ ಮನುಷ್ಯನಿಗೂ ಹೋಲಿಕೆ ಇದೆ ಅನ್ನೋದು ಅವನ ವಾದ. ಅಲ್ಲಿ ಖಿನ್ನತೆ ಅಪರೂಪ ಅಂತಲೂ ಬರೆದ.

ಇಂಥ ಮಾತಿನಿಂದ ಸರ್ಕಾರಗಳಿಗೆ ಒಂದು ಅನುಕೂಲ ಇದೆ. ಕಾಯಿಲೆಯೇ ಇಲ್ಲ ಅಂದ ಮೇಲೆ ಆಸ್ಪತ್ರೆ ಯಾಕೆ? 1946ರ ಭೋರ್ ಸಮಿತಿಯ ವರದಿಯಲ್ಲಿ ಆ ಅನುಕೂಲದ ಲೆಕ್ಕ ಇದೆ. ಇಂಗ್ಲೆಂಡಿನಲ್ಲಿ ಸುಮಾರು 300 ಜನರಿಗೆ ಒಂದರಂತೆ ಮಾನಸಿಕ ಆಸ್ಪತ್ರೆಯ ಹಾಸಿಗೆ. ಭಾರತದಲ್ಲಿ ಸುಮಾರು 40,000 ಜನರಿಗೆ ಒಂದು. ಆಳುತ್ತಿದ್ದದ್ದು ಒಂದೇ ಸರ್ಕಾರ.

ಈ ಸುಳ್ಳನ್ನು ಒಡೆದವರಲ್ಲಿ ನಮ್ಮ ಕರ್ನಾಟಕದ ಪಾಲೂ ಇದೆ. ನೈಜೀರಿಯಾದಲ್ಲಿ ಥಾಮಸ್ ಅಡಿಯೋಯ್ ಲ್ಯಾಂಬೊ 1950ರ ದಶಕದಲ್ಲಿ ರೋಗಿಗಳನ್ನು ಆಸ್ಪತ್ರೆಯ ಪಕ್ಕದ ಹಳ್ಳಿಗಳಲ್ಲಿ, ಮನೆಯವರ ಜೊತೆಗೇ ಇರಿಸಿ ಚಿಕಿತ್ಸೆ ಕೊಟ್ಟರು. ಮುಂದೆ ವಿದೇಶದ ಸಂಶೋಧಕರ ಜೊತೆ ಸೇರಿ ಯೊರೂಬಾ ಹಳ್ಳಿಗಳಲ್ಲಿ ಸಮೀಕ್ಷೆ ಮಾಡಿದಾಗ ‘ಅಪರೂಪ’ವಾದ ಖಿನ್ನತೆಯ ಲಕ್ಷಣಗಳು ಧಾರಾಳವಾಗಿ ಸಿಕ್ಕವು. ನಮ್ಮಲ್ಲಿ ಆರ್. ಎಲ್. ಕಪೂರ್ ಮತ್ತು ಮಾರಿಸ್ ಕಾರ್‌ಸ್ಟೇರ್ಸ್ ಕರಾವಳಿಯ ಕೋಟದಲ್ಲಿ, ಹೌದು, ಶಿವರಾಮ ಕಾರಂತರು ಹುಟ್ಟಿದ ಅದೇ ಕೋಟದಲ್ಲಿ, ಬ್ರಾಹ್ಮಣ, ಬಂಟ, ಮೊಗವೀರ ಮನೆಗಳಿಗೆ ಹೋಗಿ ಕೂತು ಮಾತಾಡಿಸಿದರು. 1976ರಲ್ಲಿ ಅದು ಪುಸ್ತಕವಾಗಿ ಬಂತು. ಹಳ್ಳಿಯ ಮನಸ್ಸು ಸರಳ ಅನ್ನೋ ಕಲ್ಪನೆ ಆ ಪುಸ್ತಕದಲ್ಲಿ ಉಳಿಯಲಿಲ್ಲ. ಅಲ್ಲಿ ಆತಂಕ ಇತ್ತು, ದುಃಖ ಇತ್ತು, ಆಸ್ತಿಯ ಕಟ್ಟಳೆ ಬದಲಾದಾಗ ಹುಟ್ಟುವ ತಳಮಳ ಇತ್ತು. ಕೇಳುವವರು ಬಂದದ್ದು ಮಾತ್ರ ಹೊಸದು.

ಅದರ ಬೆನ್ನಿಗೇ ಬೆಂಗಳೂರಿನ ನಿಮ್ಹಾನ್ಸ್‌ನವರು 1975ರಿಂದ ಸಮುದಾಯ ಮನೋವೈದ್ಯಕೀಯ ಅಂತ ಕೆಲಸ ಶುರು ಮಾಡಿ, ಸಕಲವಾರದಲ್ಲಿ ಪ್ರಯೋಗ ನಡೆಸಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ಡಾಕ್ಟರಿಗೆ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರೆ ಮಾನಸಿಕ ಕಾಯಿಲೆಯನ್ನು ಹಳ್ಳಿಯಲ್ಲೇ ಗುರುತಿಸಬಹುದು, ಗುಳಿಗೆ ಕೊಡಬಹುದು ಅಂತ ತೋರಿಸಿದರು. 1980ರ ದಶಕದ ಮಧ್ಯದಲ್ಲಿ ಇದನ್ನು ಒಂದು ಇಡೀ ಜಿಲ್ಲೆಗೆ ಹರಡಿದರು. ಆ ಜಿಲ್ಲೆ ಬಳ್ಳಾರಿ. ಮುಂದೆ 1996ರಲ್ಲಿ ದೇಶಕ್ಕೆಲ್ಲ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದಾಗ ಮಾದರಿಯಾದದ್ದು ಇದೇ ಬಳ್ಳಾರಿ.

ಇಲ್ಲಿ ಒಂದು ಸಲ ಮ್ಯಾಪ್ ತೆಗೆದು ನೋಡಿ. ಮುಂಡರಗಿಯಿಂದ ಕೊರ್ಲಹಳ್ಳಿಗೆ ಬಂದರೆ ತುಂಗಭದ್ರೆ. ಹೊಳೆಯ ಆ ದಂಡೆ ಹೂವಿನಹಡಗಲಿ ತಾಲ್ಲೂಕು, ಆಗ ಬಳ್ಳಾರಿ ಜಿಲ್ಲೆ. ಈ ದಂಡೆ ನಾವು. ಆ ದಂಡೆಯ ಹಳ್ಳಿಗಳಿಗೆ ದೇಶವೇ ಮಾದರಿ ಅಂದುಕೊಂಡ ಯೋಜನೆ ಬಂದಿತ್ತು. ಈ ದಂಡೆಯಲ್ಲಿ ನಮಗೆ ಗೊತ್ತಿದ್ದದ್ದು ಒಂದೇ, ‘ಧಾರವಾಡಕ್ಕ ಕಳಸ್ರಲೇ’. ಆ ದಂಡೆಯಲ್ಲೂ ಎಲ್ಲ ಸರಿಹೋಯಿತು ಅಂತ ಅಲ್ಲ. ಆದರೆ ದಾರಿ ಇದೆ ಅಂತ ನಮ್ಮ ರಾಜ್ಯದಲ್ಲೇ, ನಮ್ಮ ಹೊಳೆಯ ಆಚೆಗೇ ಗೊತ್ತಾಗಿತ್ತು. ಕಾಕಾನಿಗೆ ಸರಪಳಿ ಬಿದ್ದದ್ದು ಅದಾಗಿ ಹತ್ತು ವರ್ಷದ ಮೇಲೆ.

ಸರಪಳಿ ತೆಗೆದ ದಿನ ನನಗೆ ಚೆನ್ನಾಗಿ ನೆನಪಿದೆ. 2001ರ ಆಗಸ್ಟ್. ತಮಿಳುನಾಡಿನ ಏರ್ವಾಡಿಯ ಒಂದು ಖಾಸಗಿ ಆಶ್ರಯದಲ್ಲಿ ಬೆಂಕಿ ಬಿದ್ದು, ಸರಪಳಿಯಲ್ಲಿ ಕಟ್ಟಿದ್ದ 28 ಮಾನಸಿಕ ರೋಗಿಗಳು ಓಡಲಾಗದೆ ಸುಟ್ಟುಹೋದರು. ಅಪ್ಪ ಚಾದಂಗಡಿಯಲ್ಲಿ ಯಾರೋ ಪೇಪರ್ ಓದುವುದನ್ನು ಕೇಳಿಸಿಕೊಂಡು ಬಂದ. ಯಾರ ಜೊತೆಗೂ ಮಾತಾಡಲಿಲ್ಲ. ನೇರ ಕೊಟ್ಟಿಗೆಗೆ ಹೋಗಿ ಕೀಲಿ ತೆಗೆದ. “ನಾಳೆ ಧಾರವಾಡಕ್ಕ ಹೋಗೂಣು. ನಾನೂ ಬರ್ತೀನಿ, ನೀ ಅಂಜಬ್ಯಾಡ” ಅಂದ. ಕಾಕಾ ಏನೂ ಅನ್ನಲಿಲ್ಲ, ಕಾಲು ತಿಕ್ಕಿಕೊಳ್ಳುತ್ತಾ ಕೂತ.

ಶಾಲೆಯಲ್ಲಿ ನಾವು ನಕ್ಕ ಆ ಧಾರವಾಡದಲ್ಲೇ ಕಾಕಾನಿಗೆ ಮೊದಲ ಸಲ ಸರಿಯಾದ ಗುಳಿಗೆ ಸಿಕ್ಕದ್ದು. ಮೂರು ತಿಂಗಳಲ್ಲಿ ಹೊಲಕ್ಕೆ ಬಂದ. ಆದರೆ ಗುಳಿಗೆಗಾಗಿ ಹೋಗುವಾಗೆಲ್ಲ ಲಕ್ಷ್ಮೇಶ್ವರ, ಹುಬ್ಬಳ್ಳಿ, ಧಾರವಾಡ ಅಂತ ಬಸ್ಸು ಬದಲಿಸಬೇಕು. ಇಬ್ಬರ ಒಂದು ದಿನದ ಕೂಲಿ, ಇಬ್ಬರ ಬಸ್ ಚಾರ್ಜು. ಬಿತ್ತುವ ಕಾಲದಲ್ಲಿ ಎರಡು ತಿಂಗಳು ತಪ್ಪಿತು, ಕಾಯಿಲೆ ಮರಳಿತು. ಹೀಗೆ ಎಷ್ಟು ಸಲ ಆಯಿತೋ.

ದೇಶದ ಕಾನೂನೂ ಇದೇ ಥರ ಕುಂಟಿತು. 1858ರ ಕಾಯ್ದೆಯ ಜಾಗಕ್ಕೆ 1912ರ ಲ್ಯೂನಸಿ ಕಾಯ್ದೆ ಬಂತು. ಬ್ರಿಟಿಷರು ಹೋದರು, ಅದು ಹೋಗಲಿಲ್ಲ. 1987ರಲ್ಲಿ ಪಾಸಾದ ಹೊಸ ಕಾಯ್ದೆ ಜಾರಿಗೆ ಬಂದ 1993ರವರೆಗೂ ಅದೇ ನಡೆಯಿತು. 1999ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನಿಮ್ಹಾನ್ಸ್ ಜೊತೆ ಸೇರಿ ದೇಶದ 37 ಮಾನಸಿಕ ಆಸ್ಪತ್ರೆಗಳನ್ನು ಪರಿಶೀಲಿಸಿದ ವರದಿ ಹೊರಬಂದಾಗ, ಜೈಲಿನಂಥ ಗೋಡೆಗಳ ಕಾಲ ಇನ್ನೂ ಮುಗಿದಿಲ್ಲ ಅಂತ ಎಲ್ಲರಿಗೂ ಕಂಡಿತು. 2017ರ ಕಾಯ್ದೆ ಬಂದ ಮೇಲೆ ಮಾನಸಿಕ ಚಿಕಿತ್ಸೆ ಅನ್ನೋದು ಹಕ್ಕಾಯಿತು. ಜಾತಿ, ವರ್ಗ, ಧರ್ಮ, ಲಿಂಗದ ಹೆಸರಲ್ಲಿ ಭೇದ ಮಾಡುವಂತಿಲ್ಲ ಅಂತ ಅದರಲ್ಲಿ ಬರೆದಿದೆ. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನೂ ಅದು ನಿಷೇಧಿಸುತ್ತದೆ.

ಕಾಗದದ ಮೇಲೆ ಬಣ್ಣದ ಭೇದ ಇಲ್ಲ. ಆದರೂ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಬೇರೆ ಬೇರೆ ಮಾನಸಿಕ ಕಾಯಿಲೆ ಇರುವವರಲ್ಲಿ ನೂರಕ್ಕೆ 70ರಿಂದ 92 ಜನರಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. ಶ್ರೀಮಂತ ದೇಶಗಳಲ್ಲಿ ಚಿಕಿತ್ಸೆ ಇದೆ, ಆದರೆ ಯಾರಿಗೆ ಎಂಥದ್ದು ಅನ್ನೋದರಲ್ಲಿ ಹಳೇ ಲೆಕ್ಕ ಇದೆ. ಇಂಗ್ಲೆಂಡಿನಲ್ಲಿ ಮಾನಸಿಕ ಆರೋಗ್ಯ ಕಾಯ್ದೆಯಡಿ ಬಲವಂತವಾಗಿ ಆಸ್ಪತ್ರೆಗೆ ಸೇರಿಸಲ್ಪಡುವ ಪ್ರಮಾಣ ಬಿಳಿಯರಿಗಿಂತ ಕರಿಯರಲ್ಲಿ ಮೂರು ಪಟ್ಟಿಗೂ ಹೆಚ್ಚು. ಅಮೆರಿಕದ ಮಿಶಿಗನ್ ರಾಜ್ಯದ ಅಯೋನಿಯಾ ಆಸ್ಪತ್ರೆಯ ಹಳೇ ಕಡತಗಳನ್ನು ಓದಿದ ಜೊನಾಥನ್ ಮೆಟ್ಜಲ್ ಅನ್ನೋ ಮನೋವೈದ್ಯರು, 1960ರ ದಶಕದಲ್ಲಿ ಸ್ಕಿಜೋಫ್ರೇನಿಯಾ ಅನ್ನೋ ಹೆಸರು ಹೇಗೆ ಬಿಳಿಯ ಗೃಹಿಣಿಯರಿಂದ ಡೆಟ್ರಾಯಿಟ್‌ನ ಕರಿಯ ಗಂಡಸರ ಕಡೆ ಜಾರಿತು ಅಂತ ತೋರಿಸಿದ್ದಾರೆ. ಅದು ಸಮಾನ ಹಕ್ಕುಗಳ ಚಳವಳಿಯ ಕಾಲ. ಕಾಲಂ ತುಂಬುವವನ ಭಯ ಕಾಲಮ್ಮಿನೊಳಗೆ ಇಳಿಯುತ್ತದೆ.

ನಮ್ಮಲ್ಲಿ ಆ ಭೇದ ಈಗ ಮಾತಿನಲ್ಲಿದೆ, ದೂರದಲ್ಲಿದೆ, ದುಡ್ಡಿನಲ್ಲಿದೆ. ಜಾತಿಯಲ್ಲಿ ಇಲ್ಲ ಅಂತ ಯಾರೂ ಎದೆ ಮುಟ್ಟಿ ಹೇಳಲಾರರು. ಇದನ್ನು ನನ್ನ ಮೇಲಿಟ್ಟೇ ಹೇಳ್ತೀನಿ. ಎರಡು ವರ್ಷದ ಹಿಂದೆ ನನಗೂ ನಿದ್ದೆ ಹೋಯಿತು. ಕಂಪನಿಯ ಆ ಉಚಿತ ಕೌನ್ಸೆಲಿಂಗಿಗೆ ಬುಕ್ ಮಾಡಿದೆ. ಮನೆಯಲ್ಲೇ ಕೂತು, ಲ್ಯಾಪ್‌ಟಾಪ್ ಮುಂದೆ, 50 ನಿಮಿಷ. ಎದುರಿನವರು ತಾಳ್ಮೆಯಿಂದ ಕೇಳಿದರು: ಬಾಲ್ಯ ಹೇಗಿತ್ತು, ಅಪ್ಪನ ಜೊತೆ ಸಂಬಂಧ ಹೇಗಿದೆ, ಯಾವಾಗ ಶುರುವಾಯಿತು. ನಾನು ಇಂಗ್ಲಿಷಿನಲ್ಲಿ ಉತ್ತರ ಹೇಳಿದೆ. “ಜೀವಕ್ಕ ಸಾಕಾಗೇತಿ” ಅನ್ನೋದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳೋದು ಅಂತ ಗೊತ್ತಾಗದೆ ‘ಟಯರ್ಡ್’ ಅಂದೆ. ಆದರೂ ಪರವಾಗಿಲ್ಲ, ನನಗೆ ಉಪಯೋಗ ಆಯಿತು. ಲಾಗೌಟ್ ಮಾಡಿದ ಮೇಲೆ ಒಂದು ಲೆಕ್ಕ ತಲೆಗೆ ಬಂತು. ಕಾಕಾನಿಗೆ ಆ ಮೊದಲ ದವಾಖಾನೆಯಲ್ಲಿ ಸಿಕ್ಕದ್ದು ಐದು ನಿಮಿಷ, ಒಂದು ಪದ. ನನಗೆ ಸಿಕ್ಕದ್ದು 50 ನಿಮಿಷ, ಒಂದು ಕತೆ. ಇಬ್ಬರದೂ ಒಂದೇ ಮನೆ, ಒಂದೇ ರಕ್ತ. ಹಿಂದೆ ಬಿಳಿಯ ರೋಗಿಗೆ ಇದ್ದ ಸವಲತ್ತು ಈಗ ಇಂಗ್ಲಿಷ್ ಬರುವ ನನಗೆ ಸಿಕ್ಕಿದೆ. ನಾನು ಯಾವ ವಾರ್ಡಿನಲ್ಲಿದ್ದೇನೆ ಅಂತ ಅವತ್ತು ಗೊತ್ತಾಯಿತು.

ಎಲ್ಲ ಹಾಗೇ ಇದೆ ಅಂತಲೂ ಹೇಳಬಾರದು. ಗದಗದಲ್ಲಿ 2015ರಿಂದ ಸರ್ಕಾರಿ ಮೆಡಿಕಲ್ ಕಾಲೇಜಿದೆ. ರಾಜ್ಯದ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಅನ್ನೋ ಕಾರ್ಯಕ್ರಮ ಇದೆ. ಕೆಲವು ವರ್ಷದ ಹಿಂದೆ ರಜೆಗೆ ಹೋಗಿದ್ದಾಗ ಅಂಥ ಒಂದು ಮಂಗಳವಾರ ಕಾಕಾನನ್ನು ನಾನೇ ಕರೆದುಕೊಂಡು ಹೋದೆ. ಚಿಕ್ಕ ವಯಸ್ಸಿನ ಡಾಕ್ಟರು, ನಮ್ಮ ಕಡೆಯವರೇ. ಫೈಲು ಪಕ್ಕಕ್ಕಿಟ್ಟು ಕೇಳಿದರು:

“ಕಾಕಾರ, ರಾತ್ರಿ ನಿದ್ದಿ ಹೆಂಗ ಬರತೈತ್ರಿ?”

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ: “ಬರತೈತ್ರೀ. ಆದ್ರ ನಸಿಕಿನ್ಯಾಗ ಆಕಿ ನೀರು ಕೇಳ್ತಾಳ್ರೀ.”

“ಯಾರ್ರೀ?”

ಆಕಿ ಅಂದ್ರೆ ನಮ್ಮ ಕಾಕು. ಕಾಕಾನ ಹೆಂಡತಿ. ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಚಕ್ಕಡಿಯಲ್ಲಿ ಹಾಕಿಕೊಂಡು ದವಾಖಾನೆಗೆ ಹೋಗುವಾಗ ದಾರಿಯಲ್ಲಿ ನೀರು ಕೇಳಿದ್ದಳಂತೆ. ಕುಡಿಸಬಾರದು ಅಂತ ಯಾರೋ ಅಂದರು, ಕಾಕಾ ಕುಡಿಸಲಿಲ್ಲ. ಅವಳು ಹೋದ ವರ್ಷವೇ ಕಾಕಾ ನಿದ್ದೆ ಬಿಟ್ಟದ್ದು. ಈ ಮಾತು ನಮ್ಮ ಮನೆಯಲ್ಲಿ ಅಪ್ಪನಿಗೂ ಗೊತ್ತಿರಲಿಲ್ಲ. ಕಾಯಿಲೆಗೆ ಅದೇ ಕಾರಣ ಅಂತ ಡಾಕ್ಟರು ಹೇಳಲಿಲ್ಲ, ನಾನೂ ಹೇಳಲ್ಲ. ಇಂಥ ಕಾಯಿಲೆಗಳಿಗೆ ಒಂದೇ ಕಾರಣ ಇರೋದಿಲ್ಲ. ಗುಳಿಗೆ ಮುಂದುವರಿಸಿ ಅಂತಲೇ ಬರೆದರು. ಆದರೆ ಇಪ್ಪತ್ತು ನಿಮಿಷ ಕೇಳಿದರು, ಹೊರಗೆ ಸಾಲು ಬೆಳೆಯುತ್ತಿದ್ದರೂ ಕೇಳಿದರು. ಹೊರಗೆ ಬಂದ ಮೇಲೆ ಕಾಕಾ ಕ್ಯಾಂಟೀನಿನಲ್ಲಿ ಚಾ ಕುಡಿದು, ನನಗೂ ಅವನೇ ರೊಕ್ಕ ಕೊಟ್ಟ. ನನಗೆ ನೆನಪಿರುವ ಮಟ್ಟಿಗೆ ಅದೇ ಮೊದಲು.

ನೀವು ಬೆಂಗಳೂರಲ್ಲೋ ಪುಣೆಯಲ್ಲೋ ಕೂತು ಇದನ್ನು ಓದ್ತಿದ್ರೆ, ನಿಮ್ಮ ಊರಲ್ಲೂ ಒಬ್ಬ ಕಾಕಾನೋ ಅತ್ತೆಯೋ ಇರಬಹುದು. ಮದುವೆ ಮುಂಜಿಗೆ ಹೊರಗೆ ಬರದವರು, ಫೋನಿನಲ್ಲಿ ಯಾರೂ ಹೆಸರೆತ್ತದವರು. ಮುಂದಿನ ಸಲ ಮನೆಗೆ ಫೋನ್ ಮಾಡಿದಾಗ ಅವರ ಬಗ್ಗೆ ಕೇಳಿ. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಅನ್ನೋ ಉಚಿತ ಸಹಾಯವಾಣಿ ಇದೆ, ನಂಬರ್ 14416, ಕನ್ನಡದಲ್ಲೇ ಮಾತಾಡಬಹುದು. ಅಪ್ಪ ಅದನ್ನು ನಮ್ಮನೆಯ ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆಸಿಕೊಂಡಿದ್ದಾನೆ. ಓದೋಕೆ ಬರಲ್ಲ, ಅಂಕಿ ಗೊತ್ತು. ಓಣಿಯಲ್ಲಿ ಯಾರಾದರೂ ನಕ್ಕೋತ “ಇವನ್ನ ಧಾರವಾಡಕ್ಕ ಕಳಸ್ರಲೇ” ಅಂದರೆ ಅವರನ್ನು ಕರೆದು ಆ ನಂಬರು ತೋರಿಸುತ್ತಾನೆ.

ಆ ಹಳೇ ಚೀಟಿ ಈಗ ನನ್ನ ಹತ್ರ ಇದೆ. ಕಾರಣದ ಮುಂದೆ ಇದ್ದ ಪದವನ್ನು ನಾನು ಹೊಡೆದುಹಾಕಿಲ್ಲ. ಅದರ ಹಿಂಬದಿ ಖಾಲಿ ಇತ್ತು. ಅಲ್ಲಿ ಕನ್ನಡದಲ್ಲಿ ಬರೆದಿದ್ದೇನೆ: ‘ಕುಡಿಯುತ್ತಿರಲಿಲ್ಲ. ಭಜನಿಯಲ್ಲಿ ತಾಳ ಹಾಕುತ್ತಿದ್ದ.’